ತೋಟದ ಕೆಲಸದಲ್ಲಿ ಬಿದ್ದರೆ, ಗಾಯವಾದರೆ: ಆಸ್ಪತ್ರೆಯ ಮೊದಲ ಚೀಟಿಯಿಂದ ಪರಿಹಾರದ ಹಣದವರೆಗೆ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 14 ವರ್ಷ ರೈಟರ್ ಆಗಿದ್ದೆ. ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯುವುದು, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಎಲ್ಲ ನನ್ನದೇ. ಒಂದು ಫೆಬ್ರವರಿಯಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುತ್ತಿದ್ದವರೊಬ್ಬರು ಏಣಿಯಿಂದ ಸುಮಾರು 20 ಅಡಿ ಕೆಳಕ್ಕೆ ಬಿದ್ದರು. ಜೀಪಿನ ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದವನು ನಾನೇ. ದಾರಿಯಲ್ಲೇ ಫೋನ್ ಬಂತು. "ರೈಟ್ರೇ, ಲೈನ್ ಮನೆ ಅಟ್ಟದಿಂದ ಬಿದ್ರು ಅಂತ ಹೇಳಿ. ಸುಮ್ನೆ ಪೊಲೀಸು ಗಿಲೀಸು ಅಂತ ಆಗೋದು ಬೇಡ. ಖರ್ಚೆಲ್ಲ ನಾವು ನೋಡ್ಕೋತೀವಿ."

ನಾನು ಹಾಗೇ ಹೇಳಿದೆ. ಡಾಕ್ಟರು ಹಾಗೇ ಬರೆದುಕೊಂಡರು.

ಖರ್ಚು ನೋಡಿಕೊಂಡದ್ದು ಮೂರು ವಾರ. ಆಮೇಲೆ ಅದೂ ನಿಂತಿತು. ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು, ಅವರು ಮತ್ತೆ ಎದ್ದು ನಡೆಯಲಿಲ್ಲ. ಎಂಟು ತಿಂಗಳ ನಂತರ ಅವರ ಹೆಂಡತಿ ವಕೀಲರ ಹತ್ತಿರ ಹೋದಾಗ ಎಲ್ಲಕ್ಕಿಂತ ಮೊದಲು ಎದುರಾದದ್ದು ನಾನು ಹೇಳಿ ಬರೆಸಿದ ಆ ಒಂದು ಸಾಲು. ಅದನ್ನು ಅಳಿಸಲು ನನ್ನಿಂದ ಆಗಲಿಲ್ಲ. ಆ ಕೆಲಸ ಬಿಟ್ಟ ಮೇಲೆ, ಗಾಯಗೊಂಡ ಕಾರ್ಮಿಕರ ಮನೆಗಳಿಗೆ ಹೋಗಿ ಕಾಗದ ತುಂಬಿಕೊಡುತ್ತ ಬಂದಿದ್ದೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರ್ಮಿಕರಿಗೆ ಎಷ್ಟು ಬೇಕೋ ಐದು ಎಕರೆ, ಹತ್ತು ಎಕರೆಯ ಸಣ್ಣ ಬೆಳೆಗಾರರಿಗೂ ಇದು ಅಷ್ಟೇ ಬೇಕು. ಒಂದು ಅವಘಡಕ್ಕೆ ಎರಡೂ ಮನೆಗಳು ಮುಳುಗುವುದನ್ನು ನೋಡಿದ್ದೇನೆ.

ಏಣಿ ಎತ್ತುವ ಮೊದಲು

ಕೊಡಗಿನ ತೋಟಗಳಲ್ಲಿ ಜೀವ ತೆಗೆಯುವ ಕೆಲಸಗಳಲ್ಲಿ ಮೆಣಸಿನ ಕೊಯ್ಲಿಗೆ ಮೊದಲ ಜಾಗ ಎಂದು ನಾನು ಹೇಳುತ್ತೇನೆ. ಬಿದ್ದು ಸಾಯುವುದು ಒಂದು ಬಗೆ. ಅಲ್ಯುಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸಾಯುವುದು ಇನ್ನೊಂದು. ಆ ಸುದ್ದಿಯಿಲ್ಲದೆ ನಮ್ಮಲ್ಲಿ ಕೊಯ್ಲು ಮುಗಿಯುವುದು ಅಪರೂಪ.

ತಂತಿಯ ಲೆಕ್ಕ ನೋಡಿ. ರಸ್ತೆಯಲ್ಲದ ಜಾಗದಲ್ಲಿ 11 ಕಿಲೊವೋಲ್ಟ್ ವರೆಗಿನ ಹೊದಿಕೆಯಿಲ್ಲದ ತಂತಿಗೆ ನಿಯಮದ ಪ್ರಕಾರ ಇರಬೇಕಾದ ಕನಿಷ್ಠ ಎತ್ತರ 4.6 ಮೀಟರ್, ಅಂದರೆ ಸುಮಾರು 15 ಅಡಿ. ನಮ್ಮ ಮೆಣಸಿನ ಏಣಿಗಳು 20 ಅಡಿ, 25 ಅಡಿ, ಕೆಲವು 30 ಅಡಿ. ತಂತಿ ನಿಯಮದಂತೆಯೇ ಇದ್ದರೂ ಏಣಿ ಅದಕ್ಕಿಂತ ಉದ್ದ. ಹೆಚ್ಚಿನ ಸಾವುಗಳು ಮರ ಹತ್ತುವಾಗ ಆಗುವುದಿಲ್ಲ. ಒಂದು ಮರದಿಂದ ಇನ್ನೊಂದು ಮರಕ್ಕೆ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ನಡೆಯುತ್ತಾರಲ್ಲ, ಆಗ ಆಗುತ್ತವೆ. ಕಣ್ಣು ನೆಲದ ಮೇಲೆ, ಏಣಿಯ ತುದಿ ಎಲೆಗಳ ನಡುವೆ. ತಂತಿ ಕಾಣುವುದೇ ಇಲ್ಲ.

ಹಾಗಾಗಿ ಕೊಯ್ಲು ಶುರುವಾಗುವ ಹಿಂದಿನ ದಿನ ಮೇಸ್ತ್ರಿ ಮತ್ತು ರೈಟರ್ ಇಬ್ಬರೂ ತಂತಿ ಹಾದುಹೋದ ದಾರಿಯುದ್ದಕ್ಕೂ ನಡೆಯಬೇಕು. ತಂತಿಯ ಎರಡೂ ಬದಿಯಲ್ಲಿ, ಏಣಿಯ ಉದ್ದಕ್ಕಿಂತ ಹೆಚ್ಚು ದೂರದವರೆಗೆ ಇರುವ ಪ್ರತಿ ಮರಕ್ಕೂ ಸುಣ್ಣದ ಪಟ್ಟಿ ಬಳಿಯಿರಿ. ಸುಣ್ಣ ಬಳಿದ ಮರಕ್ಕೆ ಅಲ್ಯುಮಿನಿಯಂ ಏಣಿ ಹೋಗಬಾರದು, ಅಷ್ಟೇ. ಆ ಮರಗಳ ಮೆಣಸನ್ನು, ವಿದ್ಯುತ್ ಪೂರೈಸುವ ಸೆಸ್ಕ್‌ನವರಿಗೆ ಮೊದಲೇ ಅರ್ಜಿ ಕೊಟ್ಟು, ಲೈನ್ ಆಫ್ ಮಾಡಿಸಿದ ದಿನ ಕೊಯ್ಯಿರಿ. ಜೋತುಬಿದ್ದ ತಂತಿ ಕಂಡರೆ 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಳೆ ಅವಘಡವಾದರೆ ಆ ಸಂಖ್ಯೆಯೇ ದಾಖಲೆ. ಫೈಬರ್ ಏಣಿಗೆ ದುಡ್ಡು ಜಾಸ್ತಿ, ಭಾರವೂ ಹೌದು, ಆದರೂ ತಂತಿ ಹಾದ ತೋಟದಲ್ಲಿ ಒಂದಾದರೂ ಇರಲಿ. ಬಿದಿರಿನ ಏಣಿಯಾದರೆ ಭಯವಿಲ್ಲ ಎನ್ನುವವರಿಗೆ ಒಂದು ಮಾತು: ಮಂಜಿನಲ್ಲಿ ನೆನೆದ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ.

ಬೀಳುವುದನ್ನು ತಪ್ಪಿಸಲು ಇರುವ ಕ್ರಮಗಳು ಹಳೆಯವೇ. ಏಣಿಯ ಬುಡವನ್ನು ಗಟ್ಟಿ ನೆಲದಲ್ಲಿ ಊರಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಮರದಿಂದ ಆಚೆ ಇರಲಿ. ಮೇಲೆ ಹೋದವರು ಮೊದಲು ಏಣಿಯ ತಲೆಯನ್ನು ಮರಕ್ಕೆ ಹಗ್ಗದಿಂದ ಬಿಗಿಯಲಿ, ಆಮೇಲೆ ಚೀಲ ತೆರೆಯಲಿ. ಸೊಂಟದ ಬೆಲ್ಟಿನಿಂದ ಮರಕ್ಕೆ ಒಂದು ಸುತ್ತು ಹಗ್ಗ ಇರಲಿ. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಬೆಳಗಿನ ಇಬ್ಬನಿ ಆರುವ ತನಕ ಹತ್ತಿಸಬೇಡಿ. ಆ ಒಂದೂವರೆ ಗಂಟೆ ನೆಲದ ಮೇಲಿನ ಕೆಲಸ ಕೊಡಿ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬೀಳುತ್ತಾರೆ? ಕೆ.ಜಿ. ಲೆಕ್ಕದ ಕೂಲಿಯಿಂದ. ಹಗ್ಗ ಬಿಗಿಯಲು ಐದು ನಿಮಿಷ, ಬಿಚ್ಚಲು ಐದು ನಿಮಿಷ, ದಿನಕ್ಕೆ ಹತ್ತು ಮರವೆಂದರೆ ಒಂದು ಗಂಟೆ ನಲವತ್ತು ನಿಮಿಷ ಹೋಯಿತು. ಅದು ಕೊಯ್ಯುವವರ ಜೇಬಿನಿಂದ ಹೋಗುತ್ತದೆ. ಕೆ.ಜಿ. ಲೆಕ್ಕ ಬೇಕೇಬೇಕು ಎನ್ನುವ ಮಾಲೀಕರು ಏಣಿ ಕಟ್ಟುವ ಹೊತ್ತಿಗೂ ಕೂಲಿ ಸೇರಿಸಿ ದರ ಹೇಳಲಿ. ಇದನ್ನು ಮಾಡದೆ ಬೆಲ್ಟು, ಹೆಲ್ಮೆಟ್ಟು ಕೊಟ್ಟರೆ ಅವು ಗೋದಾಮಿನ ಮೊಳೆಯಲ್ಲೇ ನೇತಾಡುತ್ತವೆ.

ಉಳಿದ ಕೆಲಸಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಳೆಗಾಲಕ್ಕೆ ಮುಂಚಿನ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಪಳಗಿದ ಕೈಯೇ ಬೇಕು. ಕೊಂಬೆ ಬೀಳುವ ದಿಕ್ಕಿನಲ್ಲಿ ಕಳೆ ಕೊಚ್ಚುವವರನ್ನು ಹಾಕಬೇಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಓಡುವಾಗ ಬೆಲ್ಟಿನ ಮೇಲಿನ ಜಾಲರಿ ತೆಗೆಯಬೇಡಿ. ಹಣ್ಣು ಸಿಕ್ಕಿಕೊಂಡರೆ ಮೋಟಾರ್ ನಿಲ್ಲಿಸಿಯೇ ಕೈ ಹಾಕಿ. ಸೀರೆಯ ಸೆರಗು, ದುಪ್ಪಟ್ಟಾ ಸೊಂಟಕ್ಕೆ ಸಿಕ್ಕಿಸಿರಲಿ. ಪಲ್ಪರ್ ನೀರು ನಿಲ್ಲುವ ಮುಚ್ಚಿದ ಗುಂಡಿಗೆ ಯಾರೂ ಇಳಿಯಬಾರದು. ಒಳಗೆ ಉಸಿರಾಡಲು ಗಾಳಿಯೇ ಇರದು. ಒಬ್ಬರು ಬಿದ್ದರೆಂದು ಎತ್ತಲು ಇಳಿದ ಇನ್ನೊಬ್ಬರೂ ಅಲ್ಲೇ ಉಳಿಯುತ್ತಾರೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸುವಾಗ ಕನ್ನಡಕ ಬೇಕು, ಕಣ್ಣಿಗೆ ಸಿಡಿದ ಸುಣ್ಣ ದೃಷ್ಟಿ ತೆಗೆಯುತ್ತದೆ. ಔಷಧಿ ಡಬ್ಬಿಯ ತ್ರಿಕೋನದ ಬಣ್ಣ ಓದಲು ಬಾರದವರಿಗೂ ತಿಳಿದಿರಲಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ.

ಅವಘಡವಾದ ಕ್ಷಣ

ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತುತ್ತಾರೆ. ನಾವೂ ಅಂದು ಹಾಗೇ ಎತ್ತಿದ್ದೆವು. ಬಿದ್ದಾಗ ಬೆನ್ನುಮೂಳೆ ಮುರಿದಿದ್ದರೆ ಎತ್ತುವಾಗ ಬೆನ್ನುಹುರಿ ಇನ್ನಷ್ಟು ಹರಿಯಬಹುದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅವರನ್ನು ಬಿದ್ದಲ್ಲೇ ಇರಲು ಬಿಡಿ. ಒಬ್ಬರು ತಲೆಯ ಬಳಿ ಕೂತು ಎರಡೂ ಕೈಯಿಂದ ತಲೆಯನ್ನು ಅಲುಗಾಡದಂತೆ ಹಿಡಿಯಲಿ. ಉಸಿರಾಡುತ್ತಿದ್ದಾರಾ, ಮಾತನಾಡುತ್ತಿದ್ದಾರಾ, ಕಾಲ್ಬೆರಳು ಅಲುಗಾಡಿಸಲು ಆಗುತ್ತದಾ ನೋಡಿ. 108ಕ್ಕೆ ಕರೆಮಾಡಿ. ಒಯ್ಯಲೇಬೇಕಾದರೆ ತಲೆ, ಭುಜ, ಸೊಂಟ, ಕಾಲು ಒಂದೇ ನೇರದಲ್ಲಿರುವಂತೆ ಮೂರ್ನಾಲ್ಕು ಜನ ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಕೆಳಗೆ ಹಲಗೆ ತೂರಿಸಿ, ಹಲಗೆಗೆ ಬಟ್ಟೆಯಿಂದ ಕಟ್ಟಿ. ಹಲಗೆ ಇಲ್ಲದಿದ್ದರೆ ಬಾಗಿಲು ಕಳಚಿ. ನೀರು, ಕಾಫಿ ಕುಡಿಸಬೇಡಿ, ಆಪರೇಷನ್ ಬೇಕಾಗಬಹುದು.

108 ಬರುವುದು ತೋಟದ ಯಾವ ಗೇಟಿಗೆ? ಯಾವ ದಿಣ್ಣೆಯ ಮೇಲೆ ಹೋದರೆ ಫೋನ್ ಸಿಗ್ನಲ್ ಸಿಗುತ್ತದೆ? ಈ ಎರಡು ಉತ್ತರ ಪ್ರತಿಯೊಬ್ಬ ಕಾರ್ಮಿಕರಿಗೂ ಗೊತ್ತಿರಬೇಕು, ಅಸ್ಸಾಮಿನಿಂದ ನಿನ್ನೆ ಬಂದವರಿಗೂ. ನಮ್ಮ ತೋಟಗಳಲ್ಲಿ ಹೊತ್ತು ಹಾಳಾಗುವುದು ಆಸ್ಪತ್ರೆಯ ದಾರಿಯಲ್ಲಿ ಮಾತ್ರವಲ್ಲ, ತೋಟದ ಒಳಗೇ.

ಕರೆಂಟ್ ಹೊಡೆದರೆ ಮುಟ್ಟಬೇಡಿ. ಪಂಪ್‌ಸೆಟ್ಟಿನ ಲೈನಾದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. 11 ಕಿಲೊವೋಲ್ಟ್ ತಂತಿಯಾದರೆ ಒಣಗಿದ ಕೋಲೂ ಕಾಪಾಡದು, ಲೈನ್ ಆಫ್ ಆಗುವ ತನಕ ಹತ್ತಿರ ಹೋಗಬೇಡಿ. ಆಫ್ ಆದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, 5 ಸೆಂಟಿಮೀಟರ್ ಕುಸಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವ ತನಕ ಒಬ್ಬರಾದ ಮೇಲೆ ಒಬ್ಬರು ಒತ್ತುತ್ತಲೇ ಇರಿ.

ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಎಸೆಯಬೇಡಿ, ನೇರವಾಗಿ ಐಸಿನ ಮೇಲೂ ಇಡಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿಟ್ಟು ಜೊತೆಗೆ ಒಯ್ಯಿರಿ.

ಔಷಧಿ ಹೊಡೆಯುವಾಗ ತಲೆ ಸುತ್ತಿ, ಬಾಯಲ್ಲಿ ಜೊಲ್ಲು ಸುರಿದರೆ ಬಟ್ಟೆ ಕಳಚಿ ಸೋಪು ನೀರಿನಿಂದ ಮೈ ತೊಳೆಯಿರಿ. ವಾಂತಿ ಮಾಡಿಸಬೇಡಿ. ಔಷಧಿ ಡಬ್ಬಿಯನ್ನೋ ಲೇಬಲ್ಲನ್ನೋ ಆಸ್ಪತ್ರೆಗೆ ಒಯ್ಯಲೇಬೇಕು. ಕ್ಲೋರ್‌ಪೈರಿಫಾಸ್‌ನಂಥ ವಿಷಕ್ಕೆ ಅಟ್ರೋಪಿನ್ ಇದೆ, ಕಳೆನಾಶಕ ಪ್ಯಾರಾಕ್ವಾಟ್‌ಗೆ ಮದ್ದೇ ಇಲ್ಲ. ಯಾವುದೆಂದು ತಿಳಿಯದೆ ಡಾಕ್ಟರು ಏನು ಮಾಡಲು ಸಾಧ್ಯ?

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ನಾಟಿ ಮದ್ದಿಗೆ ಹೊತ್ತು ಕಳೆಯುವುದು ಯಾವುದೂ ಬೇಡ. ಕೈಕಾಲಿಗೆ ಕೋಲು ಕಟ್ಟಿ ಅಲುಗಾಡದಂತೆ ಮಾಡಿ ಒಯ್ಯಿರಿ. ನಾಗರ, ಕಟ್ಟು ಹಾವು, ಕೊಳಕುಮಂಡಲಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುತ್ತದೆ.

ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ವಿರಾಜಪೇಟೆಯೋ, ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೋ, ಮೈಸೂರೋ, ಎಲ್ಲಿಗೇ ಹೋದರೂ ಡಾಕ್ಟರು ಮೊದಲು ಕೇಳುವುದು "ಏನಾಯ್ತು?" ಎಂದು. ಉತ್ತರ ಹೀಗಿರಲಿ: "ಇಂಥ ಊರಿನ ಇಂಥವರ ತೋಟದಲ್ಲಿ, ಇಷ್ಟು ಗಂಟೆಗೆ, ಮೆಣಸು ಕೊಯ್ಯುವ ಕೆಲಸ ಮಾಡುವಾಗ ಏಣಿಯಿಂದ ಬಿದ್ದರು." ಜಾಗ, ಹೊತ್ತು, ಕೆಲಸ ಮೂರೂ ಬರಬೇಕು. ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಮಾಡಿ ಎಂದು ಬಾಯಿಬಿಟ್ಟು ಕೇಳಿ. ಹೊರರೋಗಿ ಚೀಟಿಯ ಮೇಲೆ ಬರೆದದ್ದನ್ನು ಓದಿಸಿ ಕೇಳಿ, ಅಲ್ಲೇ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಎಂಎಲ್‌ಸಿ ಎಂದರೆ ಮಾಲೀಕರ ಮೇಲೆ ಕೇಸು ಎಂಬ ಭಯ ನಮ್ಮಲ್ಲಿದೆ. ಅದು ಗಾಯ ಹೇಗಾಯಿತೆಂದು ಆಸ್ಪತ್ರೆ ದಾಖಲಿಸಿ ಠಾಣೆಗೆ ತಿಳಿಸುವ ಕ್ರಮ. ಮಾಲೀಕರು ಕಾರ್ಮಿಕರ ಪರಿಹಾರದ ವಿಮೆ ಮಾಡಿಸಿದ್ದರೆ ವಿಮಾ ಕಂಪನಿಯೂ ಇದೇ ಕಾಗದ ಕೇಳುತ್ತದೆ. ಅಟ್ಟದಿಂದ ಬಿದ್ದರು ಎಂದು ಬರೆಸಿದ ಮಾಲೀಕರು ತಮ್ಮ ವಿಮೆಯ ಹಣವನ್ನೂ ಕಳೆದುಕೊಳ್ಳುತ್ತಾರೆ. ಇದನ್ನು ನಾನು ಎಷ್ಟೋ ಬೆಳೆಗಾರರಿಗೆ ಹೇಳಿದ್ದೇನೆ, ಹೆಚ್ಚಿನವರಿಗೆ ಅದು ಹೊಸ ಸಂಗತಿಯಾಗಿತ್ತು.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದನ್ನು ಬಳಸಿ. ಬಳಸಿದ ಮಾತ್ರಕ್ಕೆ ಮಾಲೀಕರ ಹೊಣೆ ಮುಗಿಯುವುದಿಲ್ಲ. ಕೈಯಿಂದ ಖರ್ಚಾದ ಪ್ರತಿ ರೂಪಾಯಿಯ ಬಿಲ್ಲು, ಬಾಡಿಗೆ ಜೀಪಿನ ಚೀಟಿ, ಎಕ್ಸ್‌ರೇ ಎಲ್ಲ ಒಂದು ಕವರಿನಲ್ಲಿಡಿ. ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕರು ಕೊಡಬೇಕೆಂದು ಕಾನೂನಿನಲ್ಲಿದೆ, ಆದರೆ ಬಿಲ್ಲಿಲ್ಲದ ಖರ್ಚು ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲ ವಾರ

ಎರಡು ವಿಷಯ ಸಾಬೀತಾಗಬೇಕು: ಅಲ್ಲಿ ಕೆಲಸ ಮಾಡುತ್ತಿದ್ದರು ಎಂಬುದು, ಎಷ್ಟು ಸಂಬಳ ಎಂಬುದು.

ಚೆಕ್‌ರೋಲ್‌ನ ಆ ತಿಂಗಳ ಪುಟದ ಫೋಟೊ ತೆಗೆದುಕೊಳ್ಳಿ. ಸಣ್ಣ ತೋಟಗಳಲ್ಲಿ ಚೆಕ್‌ರೋಲ್ ಇರುವುದಿಲ್ಲ, ಡೈರಿಯಲ್ಲಿ ಗೀಟು ಹಾಕಿರುತ್ತಾರೆ. ಅದೂ ಆಗುತ್ತದೆ. ಫೋನ್‌ಪೇಯಲ್ಲಿ ಕೂಲಿ ಬಂದಿದ್ದರೆ ಆ ಮೆಸೇಜು ಬಲವಾದ ಸಾಕ್ಷಿ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರ ಹೆಸರು, ಊರು, ಫೋನ್ ಬರೆದುಕೊಳ್ಳಿ. ಕೊಯ್ಲು ಮುಗಿದರೆ ಅವರು ಹೊರಟುಹೋಗುತ್ತಾರೆ, ಆಮೇಲೆ ಎಲ್ಲಿ ಹುಡುಕುತ್ತೀರಿ? ಏಣಿಯ ಫೋಟೊ, ಮರದ ಫೋಟೊ, ತಂತಿಯ ಫೋಟೊ ಅದೇ ದಿನ ಆಗಬೇಕು. ಮರುದಿನ ಏಣಿ ಕಾಣೆಯಾಗಿರುತ್ತದೆ.

ಆಮೇಲೆ ಮಾಲೀಕರಿಗೆ ಒಂದು ಪತ್ರ. ಭಾಷೆ ದೊಡ್ಡದಾಗಿರಬೇಕಿಲ್ಲ. ನಾನು ಬರೆದುಕೊಡುವುದು ಹೀಗೆ:

"ಮಾನ್ಯರೇ, ನಾನು ನಿಮ್ಮ ತೋಟದಲ್ಲಿ ದಿನಗೂಲಿ ಮೇಲೆ ಕೆಲಸ ಮಾಡುತ್ತಿದ್ದೇನೆ. ಈ ತಿಂಗಳ ಇಂಥ ತಾರೀಕು ಬೆಳಿಗ್ಗೆ ಇಷ್ಟು ಗಂಟೆಗೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿದ್ದೇನೆ. ಕಾನೂನಿನಂತೆ ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಕೊಡಬೇಕೆಂದು ಕೋರುತ್ತೇನೆ."

ತಾರೀಕು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಇಷ್ಟು ದಿನ ಅನ್ನ ಹಾಕಿದವರಿಗೆ ನೋಟಿಸು ಕೊಡುವುದಾ ಎಂದು ಹಿಂಜರಿಯುವವರೇ ಹೆಚ್ಚು. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಒಳ್ಳೆಯ ಮಾಲೀಕರು ಆ ಪತ್ರವನ್ನೇ ವಿಮಾ ಕಂಪನಿಗೆ ಕೊಡುತ್ತಾರೆ, ಅವರಿಗೂ ಅದು ಬೇಕು.

ಸಾವು ಅಥವಾ ತೀವ್ರ ಗಾಯವಾದರೆ 7 ದಿನದೊಳಗೆ ಅಧಿಕಾರಿಗಳಿಗೆ ವರದಿ ಕೊಡುವುದು ಮಾಲೀಕರ ಕರ್ತವ್ಯವೆಂದು ಕಾರ್ಮಿಕರ ಪರಿಹಾರದ ಕಾಯ್ದೆ ಹೇಳುತ್ತ ಬಂದಿದೆ. ಸಾವಾದರೆ ಪೊಲೀಸ್ ದೂರು ಮತ್ತು ಮರಣೋತ್ತರ ಪರೀಕ್ಷೆ ಬಿಡಲೇಬಾರದು. ಅವಸರದಲ್ಲಿ ಮಣ್ಣು ಮಾಡಿದ ಮೇಲೆ ಯಾವ ಬಾಗಿಲೂ ತೆರೆಯುವುದಿಲ್ಲ.

ಯಾವ ಕಾನೂನು, ಎಷ್ಟು ಹಣ

1923ರ ಕಾರ್ಮಿಕರ ಪರಿಹಾರ ಕಾಯ್ದೆ ಸುಮಾರು ನೂರು ವರ್ಷ ಈ ಕೆಲಸ ಮಾಡಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು. ತೋಟದವರಿಗೆಂದೇ ಇದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೂ ಸಂಹಿತೆಗಳಲ್ಲಿ ಸೇರಿಹೋಗಿದೆ. ಹೆಸರು ಬದಲಾಯಿತು, ಪರಿಹಾರ ಲೆಕ್ಕ ಹಾಕುವ ಬಗೆ ಹಾಗೇ ಇದೆ.

ದಿನಗೂಲಿಯವರು, ಕೊಯ್ಲಿಗೆ ಮಾತ್ರ ಬಂದವರು, ಖಾಯಂ ಅಲ್ಲದವರು ಎಂಬ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ಹಳೆಯ ಕಾಯ್ದೆಯಲ್ಲಿ ಅಂಥ ಒಂದು ಅಡ್ಡಿ ಇತ್ತು, 2000ದ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಿದ್ದರೂ ತೋಟದ ಮಾಲೀಕರ ಹೊಣೆ ಉಳಿಯುತ್ತದೆ. ಅವರು ಕೊಟ್ಟು, ಆಮೇಲೆ ಗುತ್ತಿಗೆದಾರರಿಂದ ವಸೂಲು ಮಾಡಬಹುದು. ಮೆಣಸಿನ ಫಸಲನ್ನೇ ವ್ಯಾಪಾರಿಗೆ ಮಾರಿದ ತೋಟಗಳಲ್ಲಿ ಹೊಣೆ ಯಾರದೆಂಬ ಜಗಳ ಬರುತ್ತದೆ. ಅಂಥಲ್ಲಿ ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಸೇರಿಸಿ.

ಲೆಕ್ಕಕ್ಕೆ ಒಂದು ಉದಾಹರಣೆ. ಕಾರ್ಮಿಕರ ವಯಸ್ಸು 40, ತಿಂಗಳ ಸಂಬಳ 12,000 ರೂಪಾಯಿ ಎಂದುಕೊಳ್ಳಿ. ಪ್ರತಿ ವಯಸ್ಸಿಗೂ ಕಾನೂನಿನಲ್ಲಿ ಒಂದು ಗುಣಕ ಇದೆ, 40ಕ್ಕೆ ಅದು 184.17. ವಯಸ್ಸು ಕಡಿಮೆಯಾದಷ್ಟೂ ಗುಣಕ ಹೆಚ್ಚು: 30ಕ್ಕೆ 207.98, 50ಕ್ಕೆ 153.09.

ಸಾವಾದರೆ ಸಂಬಳದ ಅರ್ಧವನ್ನು ಗುಣಕದಿಂದ ಗುಣಿಸಬೇಕು: 6,000 ಗುಣಿಸು 184.17, ಅಂದರೆ 11,05,020 ರೂಪಾಯಿ. ಜೀವಮಾನವಿಡೀ ಯಾವ ಕೆಲಸವೂ ಮಾಡಲಾಗದಂತೆ ಆದರೆ ಸಂಬಳದ ಶೇ. 60: 7,200 ಗುಣಿಸು 184.17, ಅಂದರೆ 13,26,024 ರೂಪಾಯಿ. ಒಂದು ಅಂಗ ಹೋದರೆ ಈ ಎರಡನೆಯ ಮೊತ್ತದಲ್ಲಿ ಶೇಕಡಾವಾರು ಪಾಲು. ಹೆಬ್ಬೆರಳಿಗೆ ಶೇ. 30, ಅಂದರೆ 3,97,807. ತೋರುಬೆರಳು ಪೂರ್ತಿ ಹೋದರೆ ಶೇ. 14. ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ ಶೇ. 40. ಪಟ್ಟಿಯಲ್ಲಿಲ್ಲದ ಗಾಯಕ್ಕೆ, ಬೆನ್ನುಮೂಳೆಯದ್ದು ಬಹುತೇಕ ಹೀಗೇ, ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂದು ಡಾಕ್ಟರು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ "ಮರ ಹತ್ತುವ, ಭಾರ ಹೊರುವ ಕೆಲಸ ಇನ್ನು ಸಾಧ್ಯವಿಲ್ಲ" ಎಂಬಂತೆ ಕೆಲಸದ ಮಾತು ಬರುವುದು ಮುಖ್ಯ. ಕಾಲು ಶೇ. 20 ಮಡಚುವುದಿಲ್ಲ ಎಂದಷ್ಟೇ ಬರೆದರೆ ಏಣಿ ಹತ್ತಿ ಬದುಕುವವರ ನಷ್ಟ ಅದರಲ್ಲಿ ಕಾಣುವುದಿಲ್ಲ.

ವಾಸಿಯಾಗುವ ಗಾಯಕ್ಕೆ 15 ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲುಭಾಗ, ಇಲ್ಲಿ 3,000 ರೂಪಾಯಿ. ಮೂರು ದಿನದೊಳಗೆ ಕೆಲಸಕ್ಕೆ ಮರಳುವಂಥ ಸಣ್ಣ ಗಾಯಕ್ಕೆ ಇದು ಬರುವುದಿಲ್ಲ. ತಿಂಗಳ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದಕ್ಕೆ ಮಿತಿ ಇದೆ. 2020ರ ಜನವರಿಯಲ್ಲಿ ಅದನ್ನು 8,000ದಿಂದ 15,000ಕ್ಕೆ ಏರಿಸಿದರು.

"ಕುಡಿದಿದ್ದ, ಅದಕ್ಕೇ ಬಿದ್ದ" ಎಂಬ ಮಾತು ಬಂದೇ ಬರುತ್ತದೆ. ಸಾವಾದಾಗ, ಪೂರ್ತಿ ಕೆಲಸ ಮಾಡಲಾಗದಂತೆ ಆದಾಗ ಆ ಮಾತು ಹೇಳಿ ಪರಿಹಾರ ತಪ್ಪಿಸಲು ಆಗದು. ಉಳಿದ ಗಾಯಗಳಿಗೆ ಮಾತ್ರ ಅದು ಅಡ್ಡಿಯಾಗಬಹುದು, ಅದೂ ಬಿದ್ದದ್ದು ಕುಡಿತದಿಂದಲೇ ಎಂದು ಮಾಲೀಕರು ತೋರಿಸಿಕೊಟ್ಟರೆ.

ರೆಸಾರ್ಟ್, ಅಂಗಡಿ, ಕಾಫಿ ಕ್ಯೂರಿಂಗ್‌ನಲ್ಲಿದ್ದು ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ದಾರಿ ಬೇರೆ. ಅಂಥವರ ಪರಿಹಾರ ಇಎಸ್‌ಐ ಮೂಲಕವೇ ಬರಬೇಕು.

ರಾಜಿ ಪಂಚಾಯಿತಿಕೆ

ಅವಘಡದ ಹತ್ತು ದಿನದೊಳಗೆ ಯಾರೋ ಊರ ಹಿರಿಯರು, ಮೇಸ್ತ್ರಿ, ಕೆಲವೊಮ್ಮೆ ನನ್ನಂಥ ರೈಟರು ಲೈನ್ ಮನೆಗೆ ಬರುತ್ತಾರೆ. ಕೈಯಲ್ಲಿ ಛಾಪಾ ಕಾಗದ, 50,000 ರೂಪಾಯಿ. "ಕೋರ್ಟಿಗೆ ಹೋದ್ರೆ ವರ್ಷಗಟ್ಲೆ ಅಲೀಬೇಕು ಅಕ್ಕಾ, ಇದಕ್ಕೆ ಸಹಿ ಹಾಕಿ."

ಹಣ ಬೇಕಾಗಿದ್ದರೆ ತೆಗೆದುಕೊಳ್ಳಿ, ಮುಂಗಡವೆಂದು ಬರೆಸಿ. "ಇನ್ನು ಯಾವ ತಕರಾರೂ ಇಲ್ಲ" ಎಂಬ ಸಾಲಿಗೆ ಸಹಿ ಬೇಡ. ಈಗಾಗಲೇ ಹಾಕಿದ್ದರೂ ಎದೆಗುಂದಬೇಡಿ. ಕಾನೂನು ಕೊಟ್ಟ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಊರ್ಜಿತವಾಗುವುದಿಲ್ಲ. ರಾಜಿಯನ್ನು ಪರಿಹಾರದ ಅರ್ಜಿ ತೀರ್ಮಾನಿಸುವ ಅಧಿಕಾರಿಯ ಮುಂದೆ ನೋಂದಾಯಿಸಬೇಕು. ಸಾವಿನ ಪರಿಹಾರವನ್ನಂತೂ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರ ಕೊಟ್ಟದ್ದು, ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ, ಪರಿಹಾರವೆಂದು ಲೆಕ್ಕಕ್ಕಿಲ್ಲ. ಮಾಲೀಕರಿಗೂ ಇದನ್ನು ಒತ್ತಿ ಹೇಳುತ್ತೇನೆ. ಗುಟ್ಟಾಗಿ ಲಕ್ಷಗಟ್ಟಲೆ ಕೊಟ್ಟು, ಆಮೇಲೆ ಆದೇಶ ಬಂದು ಮತ್ತೆ ಪೂರ್ತಿ ಕಟ್ಟಿದವರಿದ್ದಾರೆ.

ಇದಕ್ಕಿಂತ ಸುಲಭದ ದಾರಿ ಕೊಯ್ಲಿನ ಮೊದಲು ವಿಮೆ ಮಾಡಿಸುವುದು. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕಾರ್ಮಿಕರ ಪರಿಹಾರ ಪಾಲಿಸಿ ಎಂದು ಕೇಳಿ. ಮೆಣಸು ಕೊಯ್ಲು, ಮರಗಸಿ, ತಾತ್ಕಾಲಿಕ ಕಾರ್ಮಿಕರು, ಗುತ್ತಿಗೆದಾರರ ಆಳುಗಳು, ಚಿಕಿತ್ಸೆಯ ಖರ್ಚು, ಇಷ್ಟೂ ಪಾಲಿಸಿಯಲ್ಲಿ ಬರೆದಿದೆಯೇ ಎಂದು ಓದಿ ನೋಡಿ ದುಡ್ಡು ಕಟ್ಟಿ. ಜೊತೆಗೆ ಪ್ರತಿ ಕಾರ್ಮಿಕರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ: 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಬ್ಯಾಂಕ್ ಖಾತೆಯಲ್ಲಿ ಮೇ ಕೊನೆಗೆ 20 ರೂಪಾಯಿ ಇಲ್ಲದೆ ನಿಂತುಹೋದ ಪಾಲಿಸಿಗಳು ನಮ್ಮಲ್ಲಿ ಬಹಳ. ಬಟವಾಡೆಯ ದಿನ ಒಮ್ಮೆ ನೆನಪಿಸಿ.

ಆನೆ, ಜೀಪು, ಲೈನ್ ಮನೆ

ಕೆಲಸಕ್ಕೆ ನಡೆದು ಹೋಗುವಾಗ ಆನೆ ತುಳಿದರೆ ಅರಣ್ಯ ಇಲಾಖೆಯ ಪರಿಹಾರ ಬರುತ್ತದೆ. ಅದು ಬಂತೆಂದು ಮಾಲೀಕರ ಕಡೆಯ ಹಕ್ಕನ್ನು ಬಿಡಬೇಕಿಲ್ಲ, ಎರಡೂ ಬೇರೆ ಬೇರೆ. ಹೊಸ ಸಂಹಿತೆ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅವಘಡವನ್ನೂ ಕೆಲಸದ ಅವಘಡವೆಂದೇ ನೋಡುತ್ತದೆ. ಹೊತ್ತು, ದಾರಿ, ಕೆಲಸ ಮೂರಕ್ಕೂ ಸಂಬಂಧವಿದೆ ಎಂದು ತೋರಿಸಬೇಕು. ಪಿಕಪ್‌ನಲ್ಲಿ ಇಪ್ಪತ್ತು ಜನ ನಿಂತು ಬರುವ ನಮ್ಮಲ್ಲಿ ಇದು ದೊಡ್ಡ ಬದಲಾವಣೆ. ಆನೆ ಬಂದಿದೆ ಎಂಬ ಸಂದೇಶ ಬೆಳಿಗ್ಗೆ ಬಂದ ದಿನ ಆ ಬ್ಲಾಕಿಗೆ ಜನ ಕಳಿಸದಿರುವುದು ರೈಟರ ಕೈಯಲ್ಲೇ ಇದೆ.

ಮಾಲೀಕರು ಕೊಟ್ಟ ಲೈನ್ ಮನೆ ಕುಸಿದು ಕಾರ್ಮಿಕರಿಗೋ ಮನೆಯವರಿಗೋ ಏನಾದರೂ ಆದರೆ, ಅದು ವಾಸವಿದ್ದವರ ತಪ್ಪಿನಿಂದ ಅಥವಾ ಪ್ರಕೃತಿ ವಿಕೋಪದಿಂದ ಆದದ್ದಲ್ಲದಿದ್ದರೆ, ಅದಕ್ಕೂ ಪರಿಹಾರವಿದೆ. ಮಳೆಗೆ ಮೊದಲು ಗೋಡೆಯ ಬಿರುಕಿನ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿಡಿ.

ಅರ್ಜಿ ಎಲ್ಲಿ, ಯಾವಾಗ

ಅವಘಡವಾದ ಎರಡು ವರ್ಷದೊಳಗೆ ಪರಿಹಾರದ ಅರ್ಜಿ ಹಾಕಬೇಕು. ವಾಸಿಯಾಗಲಿ ಆಮೇಲೆ ನೋಡೋಣ ಎಂದು ಕೂತರೆ ಆ ಎರಡು ವರ್ಷ ಎರಡು ಮಳೆಗಾಲದಂತೆ ಹೋಗಿಬಿಡುತ್ತದೆ. ಮೊದಲು ಮಡಿಕೇರಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಅಥವಾ ವಿರಾಜಪೇಟೆ, ಸೋಮವಾರಪೇಟೆ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಸಮಿತಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಯರವ, ಜೇನುಕುರುಬ ಹಾಡಿಗಳಿಂದ ಬರುವವರಿಗೆ ಇದನ್ನು ತಿಳಿಸುವವರೇ ಇಲ್ಲ, ದಯವಿಟ್ಟು ತಿಳಿಸಿ. ಫೋನಿನಲ್ಲಿ ಕೇಳುವುದಾದರೆ 15100.

ಅಸ್ಸಾಮಿನವರು, ಜಾರ್ಖಂಡಿನವರು ಸತ್ತರೆ ಮನೆಯವರು ಇಲ್ಲಿಗೆ ಬಂದು ಅಲೆಯಬೇಕಿಲ್ಲ, ತಮ್ಮ ಊರಿನ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ದೇಹ ಕಳಿಸುವಾಗ ಅದರ ಜೊತೆಗೇ ಎಫ್‌ಐಆರ್, ಮರಣೋತ್ತರ ವರದಿಗೆ ಕೊಟ್ಟ ಅರ್ಜಿಯ ನಕಲು, ತೋಟದ ಹೆಸರು, ಮಾಲೀಕರ ವಿಳಾಸ ಕಳಿಸಿಕೊಡಿ. ಆಧಾರ್‌ನಲ್ಲಿ ಒಂದು ಹೆಸರು, ಚೆಕ್‌ರೋಲ್‌ನಲ್ಲಿ ಮೇಸ್ತ್ರಿ ಕರೆಯುವ ಇನ್ನೊಂದು ಹೆಸರು ಇರುವುದು ಸಾಮಾನ್ಯ. ಹೊಸಬರು ಕೆಲಸಕ್ಕೆ ಸೇರಿದ ದಿನವೇ ಆಧಾರ್ ನೋಡಿ ಹೆಸರು ಬರೆದುಕೊಳ್ಳಿ, ಊರಿನ ಒಂದು ಫೋನ್ ನಂಬರೂ ಇರಲಿ.

ಕಚೇರಿಗೆ ಹೋಗುವಾಗ ಎಲ್ಲದರದ್ದೂ ಎರಡು ಜೆರಾಕ್ಸ್ ಒಯ್ಯಿರಿ. ಎಂಎಲ್‌ಸಿ, ಬಿಡುಗಡೆಯ ಚೀಟಿ, ಬಿಲ್ಲುಗಳು, ಚೆಕ್‌ರೋಲ್ ಫೋಟೊದ ಪ್ರಿಂಟು, ಸ್ಪೀಡ್ ಪೋಸ್ಟಿನ ರಸೀದಿ, ವಯಸ್ಸಿನ ದಾಖಲೆ. ಮೂಲ ಕಾಗದವನ್ನು ತೋರಿಸಿ, ನಕಲು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಡಿ. ಓದಲು ಬಾರದವರ ಜೊತೆ ಒಬ್ಬರು ಹೋಗಿ. ಕರೆದರೆ ನಾನು ಹೋಗುತ್ತೇನೆ, ನಿಮ್ಮ ತೋಟದ ರೈಟರೂ ಬರುತ್ತಾರೆ, ಕೇಳಿ ನೋಡಿ.